ನಂಪುಲಾದ ಮನೆಗೆ ಚಕ್ಕುಬಂದಿ

ಕಿಣ್ಣಿ ಸುಲ್ತಾನ ಊರಿನ ಗುರುಶಾಂತನಿಗೆ ಕೂತಲ್ಲಿ ಕೂರುವ ಅಭ್ಯಾಸ ಮೊದಲೇ ಇರಲಿಲ್ಲ. ಆ ವಾರ ನಿಂತಲ್ಲಿ ನಿಲ್ಲುವುದೂ ತಪ್ಪಿತು. ಆಳಂದದ ನನ್ನ ಅಡತಿ ಅಂಗಡಿಗೆ ಬಂದವನು ತೊಗರಿ ಚೀಲಕ್ಕೆ ಕೈಹಾಕುವನು, ಕಾಳು ಕಡಿಯುವನು, ಉಗುಳುವನು, ಫೋನು ನೋಡುವನು. ಒಂದೇ ಚೀಲಕ್ಕೆ ಮೂರು ಸಲ ಮೂರು ದರ್ಜೆ ಹೇಳಿದ.

ಕಾಳು ಕಡಿದು ತೇವ ಹೇಳುವುದೇ ಅವನ ಕಸುಬು. ಆ ಹಲ್ಲಿನ ಪುಣ್ಯದಿಂದ ಆರು ವರ್ಷವಾಯಿತು, ಆಫ್ರಿಕಾದ ಮೊಜಾಂಬಿಕ್ ದೇಶದ ನಂಪುಲಾದಲ್ಲಿದ್ದು ನಮ್ಮಂಥ ವ್ಯಾಪಾರಿಗಳಿಗೆ ತೊಗರಿ ಆರಿಸುತ್ತಾನೆ. ಹೆಂಡತಿ ಶಿವಗಂಗಾಳದು ಮಾತ್ರ ಒಂದೇ ಪಟ್ಟು: "ಬಾಡಿಗಿ ಖೋಲ್ಯಾಗ ಇರ್ಲಾಕ ನಾ ಬರಂಗಿಲ್ಲ. ನಮ್ದಂತ ಒಂದ್ ಮನಿ ಮಾಡ್ರಿ, ಬರ್ತೇನಿ."

ಈ ಸಲ ಅವನು ರಜೆಗೆ ಊರಿಗೆ ಬರುವ ಹೊತ್ತಿಗೆ ನಂಪುಲಾದಲ್ಲಿ ಮನೆ ಸಿಕ್ಕಿತ್ತು. ಅಫಜಲಪುರದಿಂದ ಹೋಗಿ ಅಲ್ಲಿಯ ಪ್ರಜೆಯೇ ಆಗಿದ್ದ ರಸೂಲ ತನ್ನ ಮನೆ ಮಾರಲಿದ್ದ. ಶುಕ್ರವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ತಿಳಿಸಬೇಕು; ಇನ್ನೊಬ್ಬ ಗಿರಾಕಿ ಕಾದಿದ್ದ.

ತೊಡಕು ಒಂದೇ. ಆ ದೇಶದ ನೆಲವೆಲ್ಲ ಸರ್ಕಾರದ್ದು. ಊರವರೂ ಕೊಳ್ಳುವಂತಿಲ್ಲ, ಪರದೇಶದವರೂ ಕೊಳ್ಳುವಂತಿಲ್ಲ. ಕಟ್ಟಿದ ಮನೆ ಕೊಳ್ಳಬಹುದು, ಅಡಿಯ ನೆಲ ಬಳಸುವ ಹಕ್ಕು ಅದರ ಬೆನ್ನಿಗೆ ಬರುತ್ತದೆ. ಅದಕ್ಕೆ ಪರದೇಶದವರು ಅಲ್ಲಿ ಐದು ವರ್ಷ ವಾಸವಿದ್ದ ಕಾಗದ ತೋರಿಸಬೇಕು. ಕಾಗದ ಗುರುಶಾಂತನ ಬಳಿ ಇತ್ತು. ಇಲ್ಲದ್ದು ಧೈರ್ಯ.

ಇಷ್ಟು ತಿಳಿದೂ ಮಹಾಶಯ ಖರೀದಿ ಪತ್ರದಲ್ಲಿ ಚಕ್ಕುಬಂದಿ ಬೇಕೆಂದು ಹಟ ಹಿಡಿದ: ಮೂಡಲಿಗೆ ಯಾರ ಜಾಗ, ಪಡುವಲಿಗೆ ಯಾರದು. ಅಲ್ಲಿಯ ವಕೀಲ ನಾಲ್ಕೂ ದಿಕ್ಕಿಗೆ 'ಸರ್ಕಾರ' ಎಂದು ಬರೆದು ಕಳಿಸಿದ. ಸಾಲದ್ದಕ್ಕೆ, ಹೊಲ ಕೊಂಡಾಗ ಒಂದು ಹಿಡಿ ಮಣ್ಣು ತಂದು ದೇವರ ಜಗಲಿಯ ಮೇಲಿಡುವುದು ಅವರ ಮನೆತನದ ರೂಢಿ. ಊರಿಗೆ ಬರುವಾಗ ರಸೂಲನ ಅಂಗಳದ ಮಣ್ಣನ್ನು ಟವೆಲಿನಲ್ಲಿ ಕಟ್ಟಿಕೊಂಡಿದ್ದ. ಹೊರದೇಶದ ಮಣ್ಣು ತರುವಂತಿಲ್ಲವೆಂದು ವಿಮಾನ ನಿಲ್ದಾಣದಲ್ಲಿ ಕಸಿದುಕೊಂಡರು. ಟವೆಲ್ ಮರಳಿ ಕೊಟ್ಟರು.

"ಹಿಡಿ ಮಣ್ಣಿಗೇ ಹಕ್ಕ ಇಲ್ಲಂದ್ರ ಮನಿ ಹ್ಯಾಂಗ ನಂದಾಗ್ತದ್ರಿ ಸಾವಕಾರ್ರೇ?"

"ಮನ್ಯಾಗ ಹೇಳಿದಿಯೇನು?"

"ಇಲ್ರಿ. ನೆಲ ಇಲ್ಲದ ಮನಿ ಅಂದ್ರ ಅಕಿ ನಗ್ತಾಳ."

ಶುಕ್ರವಾರ ಮಧ್ಯಾಹ್ನ ಶಿವಗಂಗಾ ತಾನೇ ಅಂಗಡಿಗೆ ಬಂದಳು. ಗುರುಶಾಂತ ಫೋನಿನಲ್ಲಿ ಕನ್ನಡಕ್ಕೆ ಮಾಡಿಸಿ ಅಚ್ಚು ತೆಗೆಸಿದ್ದ ಖರೀದಿಯ ಕರಡು ಪತ್ರ, ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಅವಳಿಗೆ ಸಿಕ್ಕಿತ್ತು.

"ನೆಲ ಸರ್ಕಾರದ್ದು, ಗ್ವಾಡಿ ನಮ್ದು. ಹೌದಿಲ್ರಿ?"

ಗುರುಶಾಂತ ತೊಗರಿಯನ್ನೇ ನೋಡಿದ. "ಹೂಂ."

"ತವರು ಕೊಳಕೂರಾಗ ನಮ್ಮಪ್ಪ ಮೂವತ್ ವರ್ಷ ಮಂದಿ ಹೊಲ ಲಾವಣಿಗಿ ಹಿಡದ್ ಬಿತ್ತ್ಯಾನ. ನೆಲ ಗೌಡ್ರುದು, ಬೆಳಿ ನಮ್ದು. ಅದನ್ನ ಉಂಡೇ ನಾ ಬೆಳದೀನಿ. ನೀವು ನೋಡಿದ್ರ ಚಕ್ಕುಬಂದಿ ಹುಡ್ಕಾಕತ್ತೀರಿ! ನಾಳಿ ಬ್ಯಾಡ ಅನಿಸಿದ್ರ ಗ್ವಾಡಿ ಮಾರ್ಲಾಕ ಬರ್ತದಿಲ್ಲ?"

"ಬರ್ತದ."

"ಮತ್ತ ಇದ್ರಾಗ ನನ್ ಹೆಸರ ಎಲ್ಲದ?"

ನಾಲ್ಕು ದಿಕ್ಕು ಹುಡುಕಿದವನಿಗೆ ಇದು ಹೊಳೆದೇ ಇರಲಿಲ್ಲ. ರಸೂಲನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ.

"ವೈನಿಯವ್ರೂ ಐದ್ ವರ್ಷ ಇಲ್ಲಿ ಇರಬೇಕಾಗ್ತದ ಗುರುಶಾಂತಣ್ಣ," ರಸೂಲ ಎಂದ. "ಆಮ್ಯಾಲ ಹೆಸರ ಸೇರಸ್ಲಾಕ ಅರ್ಜಿ ಹಾಕೋಣು."

"ಐದ್ ವರ್ಷ ಯಾವಾಗಿಂದ ಎಣಿಸ್ತಾರ?" ಶಿವಗಂಗಾ ಫೋನಿನ ಹತ್ತಿರ ಬಾಗಿ ಕೇಳಿದಳು.

"ನೀವು ಬಂದು ವಾಸದ ಕಾಗದ ಮಾಡಿಸಿದ ದಿನದಿಂದ್ರಿ."

"ಹಂಗಾದ್ರ ಹೂಂ ಅನ್ರಿ ಬೇಗ!" ಎಂದು ಗಂಡನ ಮೊಣಕೈಗೆ ತಿವಿದಳು.

ಗುರುಶಾಂತ ಫೋನನ್ನು ಬಾಯಿಯ ಹತ್ತಿರ ತಂದ. "ರಸೂಲ, ಮನಿ ನಂಗೇ ಇರ್ಲಿ. ಚಕ್ಕುಬಂದಿ ತೆಗದ ಹಾಕು."

ಆಮೇಲೆ, ಎಷ್ಟೋ ದಿನಗಳ ಮೇಲೆ, ಚೀಲದ ಮೇಲೆ ಕೂತ. ಕೂರಲು ಬಿಡುವವರು ಯಾರು? ಪಾಸ್‌ಪೋರ್ಟಿನ ಫೋಟೋ ತೆಗೆಸಲು ಶಿವಗಂಗಾ ಆಗಲೇ ರಸ್ತೆ ದಾಟಿದ್ದಳು.