ನೀರಿನ ಹಿಂದಿನ ಬಿದ್ರಿ ದರ್ವಾಜಾ

ಕೋವಿಡ್ ಕಳೆದ ಮರುವರ್ಷ. ಔರಾದಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಬೀದರಿನಲ್ಲಿ ಮನೆಮನೆಗೆ ಅಕ್ವೇರಿಯಂ ಜೋಡಿಸಿಕೊಡುವ ಕೆಲಸ ಹಿಡಿದಿದ್ದೆ. ಪಾಠ ಹೇಳುವುದಕ್ಕಿಂತ ಇದೇ ಹಾಯೆನಿಸಿತ್ತು. ಮೀನುಗಳು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುವುದಿಲ್ಲ.

ಒಂದು ದಿನ ಹಳೆಯ ವಿದ್ಯಾರ್ಥಿನಿ ನಸ್ರೀನ್ ಬಂದಳು. ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೇ. ತಂದೆ ಹನೀಫ್ ಸಾಹೇಬರು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದಲ್ಲಿ ಪಳಗಿದ ಕೈ. ಕಣ್ಣು ಮಂದವಾಗಿ ಕಸುಬು ಬಿಟ್ಟ ಮೇಲೆ ದಿನವಿಡೀ ಗೋಡೆ ನೋಡುತ್ತ ಕೂತುಬಿಡುತ್ತಿದ್ದರು.

"ಕೈಗಿ ಕೆಲಸಿಲ್ಲ, ಬಾಯಿಗಿ ಮಾತಿಲ್ಲ ಸರ. ಬಣ್ಣದ ಮೀನರ ನೋಡ್ಕೋತ ಕುಂದರ್ಲಿ," ಎಂದಳು.

ನಾನು ಕಿಲ್ಲಿಫಿಶ್ ಆರಿಸಿದೆ. ಬೆರಳುದ್ದದ ಮೀನು, ಗಂಡಿನ ಮೈಯ ಕೆಂಪು, ನೀಲಿ ಮಂದಗಣ್ಣಿಗೂ ಎದ್ದು ಕಾಣುತ್ತದೆ. ಎರಡಡಿ ಗಾಜಿನ ತೊಟ್ಟಿ, ಥೀಮ್ ಬೀದರ್ ಕೋಟೆ. ಗೋಡೆಗೆ ಕೆಂಪುಕಲ್ಲು, ತಳಕ್ಕೆ ಕಪ್ಪು ಮರಳು. ನಮ್ಮ ಬೋರಿನ ಗಡಸು ನೀರು ಈ ಜಾತಿಗೆ ಒಗ್ಗದೆಂದು ಆರ್‌ಒ ನೀರು ಬೆರೆಸಿ, ಒಣಗಿದ ಬಾದಾಮಿ ಎಲೆ ಹಾಕಿ ಮೆದು ಮಾಡಿದೆ. ಜಿಗಿಯುವ ಮೀನಾದ್ದರಿಂದ ಮೇಲೊಂದು ಮುಚ್ಚಳ.

ಕೋಟೆಯೆಂದು ಕೇಳಿದ್ದೇ ಸಾಹೇಬರು ಎದ್ದು ಕೂತರಂತೆ. ತಿಂಗಳೊಪ್ಪತ್ತು ಬೆರಳಿನ ಅಂದಾಜಿನಲ್ಲೇ ದುಡಿದು ಕೋಟೆಬಾಗಿಲಿನಂಥ ಗೇಣುದ್ದದ ಬಿದ್ರಿ ದರ್ವಾಜಾ ಮಾಡಿದರು. ಬೆಳ್ಳಿ ತಂತಿ ಒಂದೆರಡು ಕಡೆ ಗೆರೆ ತಪ್ಪಿತ್ತು. "ಇದು ನಂದು ಆಖರಿ ಕೆಲಸ. ನೀರಾಗ ನಡಬರಕ ಇಡ್ರಿ," ಎಂದು ನನ್ನ ಕೈಗಿತ್ತರು.

ಅದನ್ನು ನೀರಿನಲ್ಲಿ ಇಡುವಂತಿರಲಿಲ್ಲ. ಬಿದ್ರಿಯೆಂದರೆ ಸತು, ಜೊತೆಗಿಷ್ಟು ತಾಮ್ರ. ಮೆದು ನೀರಿನಲ್ಲಿ ಎರಡೂ ಕರಗಿ ಮೀನಿನ ಕಿವಿರು ಕೆಡಿಸುತ್ತವೆ. ವಾರ್ನಿಶ್ ಬಳಿದರೆ ಬಿದ್ರಿಯ ಕಪ್ಪಿನ ಅಂದವೇ ಹೋಗುತ್ತದೆ. ಅದು ಬಿರುಕು ಬಿಟ್ಟರೆ ಮತ್ತೆ ಅದೇ ಗತಿ.

ಅಂಗಳಕ್ಕೆ ಕರೆದು ನಸ್ರೀನ್‌ಗೆ ಹೇಳಿದೆ. ಆಕೆಯ ಮುಖ ಸಣ್ಣದಾಯಿತು.

"ಅಬ್ಬಾಗ ಹೇಳಬ್ಯಾಡ್ರಿ ಸರ. ಈಗೀಗ ಮಾತಾಡ್ಲಿಕತ್ಯಾರ. ಗಾಜಿನ ಹಿಂದ ಇಡ್ರಿ, ಅವರಿಗಿ ಒಳಗ ಇದ್ದಂಗ ಕಾಣ್ತದ."

"ಹಿಂದ ಇಡ್ತೀನವಾ. ಆದ್ರ ಕೇಳಿದ್ರ ಸುಳ್ಳ ಹೇಳಂಗಿಲ್ಲ." ಮೇಷ್ಟ್ರ ಹಠ ನಿವೃತ್ತಿಯಾದರೂ ಹೋಗುವುದಿಲ್ಲ.

ಮೀನು ಬಿಟ್ಟ ದಿನ ಸಾಹೇಬರು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ನಕ್ಕರು. ನಾವು ತಡೆಯುವ ಮೊದಲೇ ಮುಚ್ಚಳ ಸರಿಸಿ, ಅಂಗಿಯ ತೋಳು ಮಡಚಿ ನೀರಿಗೆ ಕೈ ಇಳಿಸಿದರು. ಕೈ ಕೋಟೆಗೋಡೆ ಸವರಿತು, ಮರಳು ಮುಟ್ಟಿತು, ಹಿಂದಿನ ಗಾಜಿಗೆ ತಾಗಿ ನಿಂತಿತು.

"ಎಲ್ಲದ?"

ನಸ್ರೀನ್ ನನ್ನತ್ತ ನೋಡಿದಳು. ನಾನು ಇದ್ದದ್ದು ಇದ್ದಹಾಗೆ ಹೇಳಿದೆ.

"ನಮ್ಮ ದಾದಾ ಬಿದ್ರಿ ಹುಕ್ಕಾದ ಬುಡ ಮಾಡ್ತಿದ್ರು," ಸಾಹೇಬರು ತಮ್ಮ ಅಜ್ಜನ ಮಾತು ತೆಗೆದರು. "ದಿನಾ ಅದರಾಗ ನೀರೇ. ಯಾರ ಸತ್ತಾರ?"

"ಮನಷ್ಯಾರು ಆ ನೀರಾಗ ಬದುಕಂಗಿಲ್ಲಲ್ರಿ ಉಸ್ತಾದ್. ಮೀನಿಗಿ ಉಸಿರೇ ನೀರು."

ಕೈ ಇನ್ನೂ ಒಳಗೇ ಇತ್ತು. ಮೀನುಗಳು ಬಂದು ಬೆರಳಿಗೆ ಮೂತಿ ತಾಗಿಸುತ್ತಿದ್ದವು.

"ಅಂದ್ರ ನನ್ನ ಕೈಯಾಗಿಂದು ಜೀವ ತಗೀತದ."

"ಕೈದಲ್ರಿ. ಜಸ್ತದ್ದು," ಎಂದೆ. ಸತುವಿಗೆ ಅವರ ಮಾತು ಅದು.

ಅವರು ಕೈ ಒರೆಸಿಕೊಂಡು ಒಳಗೆ ಹೋದರು. ನಸ್ರೀನ್ ನನಗೆ ಚಹಾ ಕೂಡ ಕೇಳಲಿಲ್ಲ. ಬೀದರಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ದಾರಿಯುದ್ದಕ್ಕೂ ಸಂಕಟ. ಒಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ನೀರು ಬದಲಿಸುವ ದಿನ ಬಂದಾಗ ಅಳುಕುತ್ತಲೇ ಹೋದೆ. ಹಲಬರ್ಗಾದಿಂದ ಬಂದ ಪರಿಚಯದವರೊಬ್ಬರು ತೊಟ್ಟಿ ನೋಡುತ್ತಿದ್ದರು. "ದರ್ವಾಜಾ ನೀರಾಗ ಮಸ್ತ ಕಾಣ್ತದ ನೋಡ್ರಿ," ಎಂದರು. ನಸ್ರೀನ್ ಹೂಂಗುಟ್ಟುವಷ್ಟರಲ್ಲಿ ಸಾಹೇಬರು ಅಲ್ಲವೆಂದು ತಲೆಯಾಡಿಸಿದರು.

"ನೀರಾಗ ಇಲ್ಲ, ಹಿಂದ ಅದ. ಜಸ್ತ ಮೀನಿಗಿ ಆಗಂಗಿಲ್ಲ. ನಾನೇ ಹೊರಗ ಇಡಸೀನಿ."

ಆಮೇಲೆ ನನ್ನತ್ತ ತಿರುಗದೆಯೇ ಮಗಳಿಗೆ, "ಸರಿಗಿ ಚಹಾ ಮಾಡು," ಎಂದರು.

ಮತ್ತೆಂದೂ ಅವರು ಆ ನೀರಿಗೆ ಕೈ ಇಳಿಸಲಿಲ್ಲ. ಆ ನೋವು ನಾನು ಕೊಟ್ಟದ್ದೇ. ಆದರೆ ಮುಚ್ಚಿಟ್ಟಿದ್ದರೆ ಅವರ ಬಾಯಲ್ಲಿ "ನಾನೇ" ಎಂಬ ಮಾತು ಬರುತ್ತಿರಲಿಲ್ಲ. ನಿಜ ಗೊತ್ತಿದ್ದವನು ಮಾತ್ರ ತನ್ನ ಕೆಲಸವನ್ನು ಎಲ್ಲಿಡಬೇಕೆಂದು ತಾನೇ ಹೇಳಬಲ್ಲ. ಈ ಕಸುಬು ನನಗೆ ಕಲಿಸಿದ್ದು ಅಷ್ಟೇ.