ಹೆಬ್ಬೆರಳಿನ ಹೊಗೆ

ಕೆಳಗಿನ ಮನೆಯ ಅಜ್ಜನ ಬಲಗೈ ಹೆಬ್ಬೆರಳು ಯಾವಾಗಲೂ ಬೂದು ಬಣ್ಣ. ಸಾಬೂನಿಗೆ ಜಗ್ಗುತ್ತಿರಲಿಲ್ಲ. ಫಿರಂಗಿಯ ಹೊಗೆಯನ್ನು ಅವರು ಕುಂಚದಿಂದ ಬರೆಯದೆ ಹೆಬ್ಬೆರಳಿನಿಂದಲೇ ಕ್ಯಾನ್ವಾಸಿನ ಮೇಲೆ ತಿಕ್ಕುತ್ತಿದ್ದರು. ಮೊದಲ ದಿನ ಕೈಕುಲುಕಿದಾಗ ನನ್ನ ಅಂಗೈಗೂ ಒಂದಿಷ್ಟು ಹೊಗೆ ಅಂಟಿತ್ತು.

ನಾನಾಗ ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಹಿಡಿದು ಜರ್ಮನಿಯ ಡ್ರೆಸ್ಡೆನ್ನಿನ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಬಂದ ಹೊಸಬಳು. ಅಜ್ಜ ಟ್ರಾಮ್ ಓಡಿಸಿ ನಿವೃತ್ತರಾದವರು, ಒಂಟಿ ಜೀವ. ಅಡುಗೆಮನೆಯ ಗೋಡೆ ತುಂಬ ಹಾಯಿಹಡಗುಗಳ ಕಾಳಗದ ಹಳೆಯ ಚಿತ್ರಗಳ ಪ್ರತಿಗಳು. ನಡುವೆ ಹನ್ನೊಂದು ವರ್ಷದಿಂದ ಅವರೇ ಬರೆಯುತ್ತಿದ್ದ ದೊಡ್ಡ ಚಿತ್ರ. ಕಾಫಿಗೆ ಕರೆದರೆ ಪಾಠ ಖಾತ್ರಿ. ಹಿಂದಿನ ಕೆಲವು ಕಲಾವಿದರು ದೋಣಿಯಲ್ಲಿ ಕೂತು ಕಾಳಗವನ್ನು ಕಣ್ಣಾರೆ ಕಂಡು ಗೀಚಿಕೊಂಡವರಂತೆ. ಉಳಿದವರು ನಾವಿಕರ ಬಾಯಿಮಾತು ನಂಬಿದವರು. ಬರೆಸುವವರು ಗೆದ್ದವರೇ ಆದ್ದರಿಂದ ಬಿಸಿಲೆಲ್ಲ ಗೆದ್ದ ಹಡಗಿನ ಮೇಲೇ ಬೀಳುತ್ತಿತ್ತಂತೆ.

"ಹಡಗಿನ ಯಾವ ಹಗ್ಗ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲದವನು ಅಲ್ಲಿ ಹೊಗೆ ಹಾಕುತ್ತಾನೆ," ಎಂದು ನಗುತ್ತಿದ್ದರು. ಆಮೇಲೆ ತಮ್ಮ ಚಿತ್ರದ ಕೆಳಮೂಲೆ ತೋರಿಸುತ್ತಿದ್ದರು. ನೀರಿನಲ್ಲಿ ಮುರಿದ ಕಂಬಕ್ಕೆ ಜೋತುಬಿದ್ದ ಮೂವರು ನಾವಿಕರ ಪುಟ್ಟ ತಲೆಗಳು. "ಇವರನ್ನು ಮಾತ್ರ ಮುಚ್ಚಬಾರದು."

ಅವರ ದೃಷ್ಟಿಯ ನಡುಭಾಗ ಮಸುಕಾಗುತ್ತಾ ಬಂದಿತ್ತು. ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದಿದ್ದರಂತೆ ಡಾಕ್ಟರು. ಪುಣ್ಯಕ್ಕೆ ಚಿತ್ರ ಮುಗಿದೇ ಹೋಗಿತ್ತು, ಸಹಿಯೊಂದು ಬಾಕಿ.

ಆ ಬೇಸಗೆಯಲ್ಲಿ ಗಂಗೊಳ್ಳಿಯಿಂದ ಅಪ್ಪಯ್ಯ ಬಂದರು. ಹಾಯಿದೋಣಿಯ ಕಾಲದಿಂದ ಮೀನು ಹಿಡಿದವರು. ಅಜ್ಜನ ಚಿತ್ರದ ಮುಂದೆ ಕೈ ಹಿಂದೆ ಕಟ್ಟಿ ಬಹಳ ಹೊತ್ತು ನಿಂತು ನನ್ನನ್ನು ಕೇಳಿದರು: "ಗಾಳಿ ಹಿಂದಿಂದ ಬತ್ತ್, ಹಾಯಿ ಮುಂದಕ್ ಉಬ್ಬಿತ್. ಬಾವುಟ ಹಿಂದಕ್ ಹಾರೂದ್ ಹ್ಯಾಂಗ್ ಮಗಾ?"

ಏನೆಂದರು ಎಂದು ಅಜ್ಜ ನನ್ನ ಮುಖ ನೋಡಿದರು. ಚೆನ್ನಾಗಿದೆ ಎನ್ನುತ್ತಿದ್ದಾರೆ ಎಂದಿದ್ದರೆ ಮುಗಿದಿತ್ತು. ಆದರೆ ನನ್ನ ಜರ್ಮನ್ ಪರೀಕ್ಷೆ ಆಗಷ್ಟೇ ಪಾಸಾಗಿತ್ತು, ನಾಲಿಗೆಗೆ ತುರಿಕೆ. ಒಂದಕ್ಷರ ಬಿಡದೆ ಹೇಳಿದೆ.

ಅಜ್ಜ ಗೋಡೆಯ ಪ್ರತಿಗಳ ಹತ್ತಿರ ಹೋಗಿ ಮೂಗು ತಾಗಿಸಿ ಒಂದೊಂದನ್ನೇ ನೋಡಿದರು. ಎಲ್ಲದರಲ್ಲೂ ಬಾವುಟ ಹಾಯಿ ಉಬ್ಬಿದ ಕಡೆಗೇ ಹಾರುತ್ತಿತ್ತು. "ಹಬ್ಬದ ದಿನ ನನ್ನ ಟ್ರಾಮಿಗೆ ಬಾವುಟ ಕಟ್ಟುತ್ತಿದ್ದರು," ಎಂದರು ಕೊನೆಗೆ. "ಅದು ಯಾವತ್ತೂ ಹಿಂದಕ್ಕೇ ಹಾರುತ್ತಿತ್ತು." ಆಮೇಲೆ ಅಪ್ಪಯ್ಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು.

ಮರುದಿನವೇ ಹದಿನಾಲ್ಕು ಬಾವುಟಗಳನ್ನೂ ಕೆರೆದು ತೆಗೆದರು. ಜೊತೆಗೆ ಹಾಯಿಯ ಬಣ್ಣವೂ ಕಿತ್ತುಬಂತು. ಸಂಜೆ ಕೆಲಸ ಮುಗಿಸಿ ಹೋದರೆ, ಇದು ಕೆಂಪೋ ಕಂದೋ ಎಂದು ನನ್ನನ್ನೇ ಕೇಳುತ್ತಿದ್ದರು. ಕುಂಚ ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಬಿಟ್ಟುಬಿಡಿ, ಈ ಊರಲ್ಲಿ ಸಮುದ್ರದ ಗಾಳಿ ಯಾರಿಗೆ ಗೊತ್ತು ಎಂದು ಅಂಗಲಾಚಿದೆ.

"ನಿಮ್ಮ ತಂದೆಗೆ ಗೊತ್ತು," ಎಂದರು.

ಅಪ್ಪಯ್ಯ ಊರಿಗೆ ಹೊರಡುವಾಗ, ತಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ವಿಮಾನ ನಿಲ್ದಾಣದವರೆಗೂ ಹಲುಬಿದರು. ಬಾಯಿ ಮುಚ್ಚಿಕೊಂಡಿರಬೇಕಾದವಳು ನಾನು. ಚಳಿಗಾಲವಿಡೀ ಒಂದೊಂದು ಹಡಗೂ ಕೆಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ, ಬೇರೇನೂ ಮಾಡಲಾಗಲಿಲ್ಲ.

ಮಾರ್ಚಿನಲ್ಲಿ ಅಜ್ಜ ತೀರಿಕೊಂಡರು. ಅವರ ತಂಗಿಯ ಮಗಳು ಆ ಚಿತ್ರವನ್ನು ತಂದುಕೊಟ್ಟಳು. ನಿಮ್ಮ ತಂದೆಗೆ ಕೊಡಲು ಹೇಳಿದ್ದರು ಎಂದಳು. ಒಂದು ಬಾವುಟವೂ ಇರಲಿಲ್ಲ. ಕಂಬಗಳ ತುದಿಯವರೆಗೆ ಹೊಗೆ, ಹೊಗೆಯ ತುಂಬ ಹೆಬ್ಬೆರಳಿನ ಗೆರೆಗಳು. ಕೆಳಮೂಲೆಯ ಮೂರು ತಲೆಗಳು ಹಾಗೇ ಇದ್ದವು. ಸಹಿ ಇರಲಿಲ್ಲ.

ವಿಡಿಯೊ ಕರೆಯಲ್ಲಿ ಅಪ್ಪಯ್ಯನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹೊಗೆ ಹಡಗಿನ ಮುಂದಕ್ಕೆ ಹೋಗುತ್ತಿದ್ದ ದಿಕ್ಕನ್ನೇ ನೋಡುತ್ತಾ ಕೂತರು.

"ಈಗ ಗಾಳಿ ಸಮ ಇತ್ತ್ ಮಗಾ. ಅವ್ರಿಗ್ ಹೇಳ್," ಎಂದರು.

ಸಾವಿನ ಸುದ್ದಿಯನ್ನು ನಾನಿನ್ನೂ ಅವರಿಗೆ ಹೇಳಿರಲಿಲ್ಲ. ಹೇಳುತ್ತೇನೆ ಎಂದೆ.