ತೂಬಿಗೆ ಮುದ್ರೆ ಬಿದ್ದ ಬೇಸಿಗೆ

ನಮ್ಮ ವಂಶದಲ್ಲಿ ಮೊದಲ ಪದವೀಧರ ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಸುಲಭಕ್ಕೆ ಸಿಕ್ಕಿದ್ದಲ್ಲ. ಅರವತ್ತರ ದಶಕದ ಮೊದಲಲ್ಲಿ ಕೃಷಿ ಪದವಿ ಮುಗಿಸಿ ದಿಬ್ಬೂರಹಳ್ಳಿ ಕಡೆಯ ನಮ್ಮೂರಿಗೆ ಬಂದಾಗ, ದನಗಳ ಮೇವಿಗೆಂದು ಒದ್ದೆ ಗೋಣಿಯಲ್ಲಿ ಪ್ಯಾರಾ ಹುಲ್ಲಿನ ತುಂಡುಗಳನ್ನು ಸುತ್ತಿ ತಂದಿದ್ದೆ.

ಎರಡು ಮಳೆಗಾಲದ ಹಿಂದೆ ಕೆರೆ ಕೋಡಿ ಬಿದ್ದಾಗಿನಿಂದ ಏರಿಯ ಕೆಳಗಿನ ನಮ್ಮ ತುಂಡು ಗದ್ದೆ ಜೌಗು ಹಿಡಿದಿತ್ತು. ಭತ್ತ ಕೊಳೆಯುತ್ತಿತ್ತು, ರಾಗಿಯ ಮಾತೇ ಇಲ್ಲ. ಈ ಹುಲ್ಲಿಗೆ ಬೇಕಾದ್ದೇ ಅಂಥ ಜಾಗ, ಅಲ್ಲೇ ನೆಟ್ಟೆ. ಎರಡು ಮೂರು ಗಿಣ್ಣಿರುವ ತುಂಡನ್ನು ಕೆಸರಿಗೆ ಓರೆಯಾಗಿ ಚುಚ್ಚಿದರೆ ಸಾಕು, ಗಿಣ್ಣುಗಿಣ್ಣಿಗೂ ಬೇರು. ನೀರು ನಿಂತರೂ ಕೊಳೆಯದು. ಬುಡ ಒಣಗಿದರೆ ಮಾತ್ರ ಸತ್ತಂತೆ. ಬಿಸಿಲು ಏರಿದಷ್ಟೂ ಅದಕ್ಕೆ ಹುಮ್ಮಸ್ಸು.

ಆ ಹುಮ್ಮಸ್ಸೇ ನಮಗೆ ಮುಳುವಾಯಿತು. ಬೇಸಿಗೆಯಲ್ಲಿ ದನಕರುಗಳಿಗೆಂದು ನೀರು ಉಳಿಸಿ ಕೆರೆಯ ತೂಬು ಮುಚ್ಚುವುದು ಊರ ಕಟ್ಟು. ಕದ್ದು ಬಿಟ್ಟುಕೊಂಡವರಿಗೆ ಮುಂದಿನ ಬೆಳೆಗೆ ನೀರಿನ ಸರದಿಯೇ ಇಲ್ಲ. ಸುತ್ತಲ ಗದ್ದೆಗಳು ಬಿರುಕು ಬಿಟ್ಟಿರುವಾಗ ನಮ್ಮದೊಂದೇ ಮೊಣಕಾಲುದ್ದ ಹಸಿರು.

ಊರಿಗೆ ಹಿರಿಯರಾದ ದೊಡ್ಡಪ್ಪ ಬದುವಿನ ಮೇಲೆ ನಿಂತು ಕೇಳಿದರು: "ಏನಪ್ಪಾ, ಇದಕ್ಕೆ ನೀರು ನಿಮ್ಮ ಕಾಲೇಜಿನೋರು ಕಳಿಸ್ತಾರಾ?"

"ನೆಲದಲ್ಲೇ ತೇವ ಐತೆ ದೊಡ್ಡಪ್ಪ. ಕೋಡಿ ಬಿದ್ದಾಗಿನ ಜೌಗು."

"ಕೋಡಿ ನೀರು ಎರಡು ವರ್ಷ ಇರ್ತದೇನೋ? ಓದಿದೋನ ಬಾಯಿ ಕಣೋ ನಿಂದು!"

ಮನೆಯಲ್ಲಿ ಅಪ್ಪನೂ ಊಟಕ್ಕೆ ಕೂತು, ನನ್ನ ಮುಖ ನೋಡದೆ ಕೇಳಿದರು: "ನಿಜ ಹೇಳು, ತೂಬಿನ ಹತ್ರ ಹೋಗಿದ್ಯಾ?" ಇಲ್ಲ ಎಂದೆ. ನನಗೋ ದೊಡ್ಡಪ್ಪನ ಮೇಲೇ ಅನುಮಾನ. ತಾವೇ ನೀರು ಬಿಟ್ಟುಕೊಂಡು ನಮ್ಮ ಮೇಲೆ ಹಾಕುತ್ತಿದ್ದಾರೇನೋ ಎಂದು ಅವರ ಗದ್ದೆಯ ಮಣ್ಣನ್ನು ಕಾಲಲ್ಲಿ ಒತ್ತಿ ನೋಡಿ ಬಂದೆ. ಕಲ್ಲಿನಂತಿತ್ತು.

ಕಡೆಗೆ ದೊಡ್ಡಪ್ಪನೇ ಒಂದು ಉಪಾಯ ಮಾಡಿದರು. ಕಣದಲ್ಲಿ ರಾಗಿ ರಾಶಿಯನ್ನು ಯಾರೂ ಮುಟ್ಟದಿರಲೆಂದು ಒತ್ತುವ ಮರದ ಮುದ್ರೆ ತರಿಸಿ, ನೀರು ಹೊರಬೀಳುವ ತೂಬಿನ ಬಾಯಿಗೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಒತ್ತಿದರು. "ಅಮಾಸೆಗೆ ನೋಡಣ. ಮುದ್ರೆ ಅಳಿಸಿತ್ತೋ, ನಿಮ್ಮ ಸರದಿ ಹೋಯ್ತು."

ಅಮಾವಾಸ್ಯೆಗೆ ಊರೇ ಸೇರಿತು. ಮುದ್ರೆಯ ಒಂದು ಗೆರೆಯೂ ಅಳಿಸಿರಲಿಲ್ಲ. ಹುಲ್ಲು ಮಾತ್ರ ಸೊಂಟಕ್ಕೆ ಬಂದಿತ್ತು. ಆದರೂ ದೊಡ್ಡಪ್ಪನಿಗೆ ನಂಬಿಕೆಯಿಲ್ಲ. ನಮ್ಮ ಗದ್ದೆಗೆ ಇಳಿದು, ಒಬ್ಬನ ಕೈಯಿಂದ ಗುದ್ದಲಿ ಕಿತ್ತುಕೊಂಡು ಹುಲ್ಲಿನ ಬುಡದಲ್ಲೇ ಗುಂಡಿ ತೋಡಿದರು. ನಾವೆಲ್ಲ ನೋಡುತ್ತಿದ್ದಂತೆ ಗುಂಡಿಯ ಕೆರೆ ಕಡೆಯ ಗೋಡೆಯಿಂದ ನೀರು ಜಿನುಗಿ ತಳ ಮುಚ್ಚಿತು. ಅವರು ನೀರು ನೋಡಿದರು, ತಲೆಯೆತ್ತಿ ಏರಿ ನೋಡಿದರು. "ಅಯ್ಯೋ ದೇವ್ರೇ, ಏರಿ ಸೋರ್ತಾ ಐತೆ ಕಣ್ರೋ!"

ಆಮೇಲೆ ನಮ್ಮನ್ನು ಯಾರೂ ನೋಡಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ. ಮಳೆಗೆ ಏರಿ ಒಡೆದರೆ ಕೆಳಗಿನ ಮನೆಗಳು ಉಳಿಯುತ್ತಿರಲಿಲ್ಲ. ಮನೆಗೊಂದಾಳು ಬಂದು ಏರಿಯ ಒಳಮೈಗೆ ಜೇಡಿಮಣ್ಣು ಬಡಿಯಬೇಕೆಂದು ಅಲ್ಲೇ ತೀರ್ಮಾನವಾಯಿತು.

ನಮ್ಮ ಸರದಿ ಉಳಿಯಿತು. ಸೋರುವುದು ನಿಂತರೆ ಹುಲ್ಲು ಒಣಗುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಅಪ್ಪ ಮಣ್ಣಿನ ಮಂಕರಿ ಮುಂದಿಟ್ಟು, "ನಡಿಯಪ್ಪಾ, ನಮ್ಮನೆ ಆಳು ನೀನೇ" ಎಂದರು.

ಹೊತ್ತೆ.